ಸವಾನಾ ಉಡದ ಗೂಡಿಗೆ ‘ಬಯೋಆಕ್ಟಿವ್ ಕಿಟ್’: ಯಾವುದು ಉಳಿಯುತ್ತದೆ, ಯಾವುದು ಕಿತ್ತುಹೋಗುತ್ತದೆ

ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ‘ಬಯೋಆಕ್ಟಿವ್ ಕಿಟ್’, ಅಂದರೆ ಸಾಕುಪ್ರಾಣಿಯ ಗೂಡಿನೊಳಗೆ ಗಿಡ, ಹುಳುಗಳಿರುವ ಜೀವಂತ ಮಣ್ಣು ಕಟ್ಟಿಕೊಳ್ಳುವ ಸಾಮಾನು, ಈಗ ಸಲೀಸಾಗಿ ಸಿಗುತ್ತದೆ. ಬಿಚ್ಚಿದರೆ ಒಳಗೆ ಹೆಚ್ಚುಕಡಿಮೆ ಇಷ್ಟು: ಒಂದೆರಡು ಚೀಲ ಮಣ್ಣಿನ ಮಿಶ್ರಣ, ನೀರು ಬಸಿಯಲು ಸುಟ್ಟ ಜೇಡಿಯ ಗುಂಡುಗಳು, ಅದರ ಮೇಲೆ ಹಾಸಲು ಬಲೆ, ಒಂದಿಷ್ಟು ಪಾಚಿ, ಒಣಗಿದ ಎಲೆ, ಕೊಳೆತದ್ದನ್ನು ತಿಂದು ಬದುಕುವ ಸ್ಪ್ರಿಂಗ್‌ಟೇಲ್ ಮತ್ತು ಐಸೋಪಾಡ್ ಎಂಬ ಸಣ್ಣ ಹುಳುಗಳ ಪುಟ್ಟ ಡಬ್ಬಿ. ಕೆಲವರು ಗಿಡವನ್ನೂ ಜೊತೆಗೇ ಕಳಿಸುತ್ತಾರೆ. ಗೇಣುದ್ದದ ಗೆಕ್ಕೊ ಹಲ್ಲಿಗೆ ಇದು ಒಳ್ಳೆಯ ವ್ಯಾಪಾರವೇ. ಇಲ್ಲಿ ಪರೀಕ್ಷೆಗೆ ಕೂತಿರುವ ಗಿರಾಕಿ ಬೇರೆ: ಮೂರರಿಂದ ನಾಲ್ಕು ಅಡಿ ಬೆಳೆಯುವ, ಮಣ್ಣು ತೋಡುವುದೇ ಹಗಲಿನ ಕಸುಬು ಅನ್ನುವಂಥ ಸವಾನಾ ಮಾನಿಟರ್. ಅಂದರೆ ಆಫ್ರಿಕಾದ ಹುಲ್ಲುಗಾವಲಿನ ಉಡ.

ಈ ಗಿರಾಕಿಯ ಲೆಕ್ಕದಲ್ಲಿ ಕಿಟ್‌ಗೆ 5ಕ್ಕೆ 2. ಆ ಎರಡೂ ಅಂಕ ತರಗೆಲೆಗೂ ಹುಳುಗಳಿಗೂ ಸೇರಬೇಕಾದವು.

ಮೊದಲು ಕಾನೂನಿನ ಮಾತು, ಒಂದೇ ಉಸಿರಿನಲ್ಲಿ. ನಮ್ಮ ಹೊಲ ಬದುಗಳಲ್ಲಿ ಓಡಾಡುವ ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ. ಅದನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಸವಾನಾ ಮಾನಿಟರ್ ವಿದೇಶಿ ಜಾತಿಯಾದರೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಹಾಗಾಗಿ ಭಾರತದಲ್ಲಿ ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಕೆಳಗಿನ ಅಳತೆ, ಅಂಗಡಿ, ಚೀಲದ ಗಾತ್ರವೆಲ್ಲ ಈ ಪ್ರಾಣಿಯನ್ನು ಹೆಚ್ಚಾಗಿ ಸಾಕುವ ಅಮೆರಿಕದವು.

ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯಿಂದ ರಫ್ತಾಗುವ ಈ ಉಡ ಹುಟ್ಟಿದಂದಿನಿಂದ ನೆಲದೊಳಗಿನ ಜೀವಿ. ಘಾನಾದ ಬಯಲಿನಲ್ಲಿ ಮರಿಗಳು ನೆಲ ಕೊರೆಯುವ ದೊಡ್ಡ ಜಾತಿಯ ಕ್ರಿಕೆಟ್ ಹುಳುಗಳು ತೋಡಿದ ಬಿಲದಲ್ಲೇ ವಾಸ ಮಾಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮೇಲೆ ಕೆಂಡದಂಥ ಬಿಸಿಲು, ಕೆಳಗೆ ತಂಪು ಪಸೆ. ಗೂಡಿನಲ್ಲೂ ಅದೇ ಬೇಕು: ಬಿಸಿಲು ಕಾಯುವ ಜಾಗದ ಮೇಲ್ಮೈ 55ರಿಂದ 65 ಡಿಗ್ರಿ ಸೆಲ್ಸಿಯಸ್, ಎರಡಡಿ ಕೆಳಗಿನ ಮಣ್ಣು 26ರಿಂದ 29 ಡಿಗ್ರಿ. ಮಣ್ಣಿನ ಆಳ ಕಡಿಮೆಯಾದರೆ ಉಡ ಒಣಗುತ್ತದೆ, ಮೊಟ್ಟೆ ಕಟ್ಟಿದ ಹೆಣ್ಣು ಇಡಲು ಜಾಗ ಸಿಗದೆ ಒದ್ದಾಡುತ್ತದೆ. ಗಿಡದ ಮಾತು ಏನಿದ್ದರೂ ಇದರ ಆಮೇಲೆ.

ಈಗ ಕಿಟ್‌ನ ಅಳತೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಗಾಜಿನ ತೊಟ್ಟಿಗೆ ನಾಲ್ಕು ಇಂಚು ಮಣ್ಣು ತುಂಬಲು ಬೇಕಾಗುವುದು 2.7 ಘನ ಅಡಿ. ದೊಡ್ಡದು ಎಂದು ಮಾರುವ ಕಿಟ್‌ಗಳು ಇಷ್ಟಕ್ಕೆ ನಿಲ್ಲುತ್ತವೆ. ಬೆಳೆದ ಉಡದ ಗೂಡು ಎಂಟಡಿ ಉದ್ದ, ನಾಲ್ಕಡಿ ಅಗಲ. ಎರಡಡಿ ಮಣ್ಣು ಅಂದರೆ 64 ಘನ ಅಡಿ, ಸುಮಾರು 1,800 ಲೀಟರ್. ಇಪ್ಪತ್ತನಾಲ್ಕು ಕಿಟ್ ಕೊಂಡರೆ ಸರಿಹೋಗುತ್ತದೆ! ಬರೀ ತೆಂಗಿನ ನಾರಿನ ಇಟ್ಟಿಗೆಯಲ್ಲಿ ತುಂಬುತ್ತೇನೆ ಅನ್ನುವವರಿಗೂ ಲೆಕ್ಕ ಇಷ್ಟೇ ಒರಟು. 650 ಗ್ರಾಮಿನ ಒಂದು ಇಟ್ಟಿಗೆ ನೀರು ಕುಡಿದು ಅರಳಿದರೆ 7ರಿಂದ 8 ಲೀಟರ್. ಬೇಕಾಗುವುದು ಇನ್ನೂರ ನಲವತ್ತು ಇಟ್ಟಿಗೆ.

ತಿಪಟೂರು, ಅರಸೀಕೆರೆ ಕಡೆಯವರಿಗೆ ಈ ನಾರಿನ ಪುಡಿಯ ಪರಿಚಯ ಹೇಳಿಕೊಡಬೇಕಿಲ್ಲ. ನರ್ಸರಿಯ ಸಸಿಗೆ ಅದು ಚಿನ್ನ. ಬಿಲಕ್ಕೆ ಮಾತ್ರ ಆಗದು. ಒದ್ದೆಯಿದ್ದಾಗ ಸ್ಪಂಜು, ಒಣಗಿದರೆ ಧೂಳು. ಎರಡರ ನಡುವೆ ಗಟ್ಟಿಯಾಗಿ ನಿಲ್ಲುವ ಹದವೇ ಅದಕ್ಕಿಲ್ಲ. ಉಡ ಮುಂಗಾಲಿನಿಂದ ನಾಲ್ಕು ಸಲ ಎಳೆದರೆ ಗುಂಡಿ ಆಗುತ್ತದೆ, ಸುರಂಗ ಆಗುವುದಿಲ್ಲ. ಮೇಲಿನ ಪುಡಿ ಜಾರಿ ಮತ್ತೆ ತುಂಬಿಕೊಳ್ಳುತ್ತದೆ. ಒಟ್ಟು ಮಿಶ್ರಣದಲ್ಲಿ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ ಪಸೆ ಹಿಡಿಯಲು ನೆರವಾಗುತ್ತದೆ, ಅದಕ್ಕಿಂತ ಹೆಚ್ಚು ಬೇಡ. ಅದನ್ನೂ ತೊಳೆದದ್ದೇ ಕೊಳ್ಳಿ; ತೊಳೆಯದ ನಾರಿನಲ್ಲಿ ಉಪ್ಪಿನಂಶ ಉಳಿದು ಗಿಡದ ಎಲೆಯ ಅಂಚು ಸುಡುತ್ತದೆ.

ಕಿಟ್‌ನಲ್ಲಿ ನಿಜಕ್ಕೂ ಅಪಾಯದ ವಸ್ತು ಬಸಿಯುವ ಪದರ. ಗುಂಡು ಕೆಳಗೆ, ಬಲೆ ನಡುವೆ, ಮಣ್ಣು ಮೇಲೆ: ಕಾಗದದ ಮೇಲೆ ಚೆಂದದ ವ್ಯವಸ್ಥೆ. ತೋಡುವ ಪ್ರಾಣಿ ತಳ ಮುಟ್ಟುವವರೆಗೂ ತೋಡುತ್ತದೆ. ಬಲೆ ಉಗುರಿಗೆ ಸಿಕ್ಕಿತೆಂದರೆ ಎರಡರಲ್ಲಿ ಒಂದು: ಬಲೆ ಹರಿದು ಗುಂಡೂ ಮಣ್ಣೂ ಕಲಸಿಹೋಗುತ್ತವೆ, ಇಲ್ಲವೇ ಬೆರಳು ಸಿಕ್ಕಿಕೊಂಡು ಉಗುರು ಕಿತ್ತುಬರುತ್ತದೆ. ಉಡದ ಪಟ್ಟು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಹಿಡಿದದ್ದನ್ನು ಅದು ಬಿಡುವುದಿಲ್ಲ. ಎರಡಡಿ ಆಳದ ಮಣ್ಣಿಗೆ ಬಸಿಯುವ ಪದರದ ಅಗತ್ಯವೂ ಇಲ್ಲ. ನೀರು ಹಾಕುವ ಕೈ ಹಿಡಿತದಲ್ಲಿದ್ದರೆ ಸಾಕು. ಪಾಚಿಯನ್ನೂ ಬದಿಗಿಡಿ. ಉಡ ಹುಳುವನ್ನು ಕಚ್ಚುವಾಗ ಪಾಚಿಯ ಎಳೆಗಳು ಬಾಯಿಗೆ ಹೋಗುತ್ತವೆ, ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತವೆ. ಅಗೆಯಲೆಂದೇ ಮಾರುವ ಜೇಡಿಯ ಪೊಟ್ಟಣವೂ ಹಾಗೆಯೇ ನಮ್ಮ ಕೆಲಸದ್ದಲ್ಲ: ಒಣಗಿದರೆ ಮಡಕೆಯಂತೆ ಗಟ್ಟಿ, ಬೇರು ಇಳಿಯುವುದಿಲ್ಲ.

ಹಾಗಾದರೆ ಕೊಳ್ಳಬೇಕಾದ್ದು ಕಟ್ಟಡ ಸಾಮಾನಿನ ಅಂಗಡಿಯಲ್ಲಿ. ಮೇಲ್ಮಣ್ಣು 60 ಪಾಲು, ಮರಳು 40 ಪಾಲು, ಗಾತ್ರದ ಲೆಕ್ಕದಲ್ಲಿ. ಅಲ್ಲಿನ ಮಣ್ಣಿನ ಚೀಲ ಸಾಮಾನ್ಯವಾಗಿ 0.75 ಘನ ಅಡಿ, 50 ಪೌಂಡಿನ ಮರಳಿನ ಚೀಲ ಅರ್ಧ ಘನ ಅಡಿ. 64 ಘನ ಅಡಿಗೆ ಮಣ್ಣು 51 ಚೀಲ, ಮರಳೂ 51 ಚೀಲ. ಮರಳು ಮಣ್ಣಿನ ಸಂದಿಗೆ ಇಳಿದು ಒಟ್ಟು ಗಾತ್ರ ಕುಗ್ಗುವುದರಿಂದ ಎರಡರಲ್ಲೂ ಐದಾರು ಚೀಲ ಹೆಚ್ಚು ತರುವುದು ಕ್ಷೇಮ. ಇಷ್ಟೊಂದು ಚೀಲ ಎತ್ತಿ ಇಳಿಸುವ ಬದಲು ತೋಟಗಾರಿಕೆಯ ಮಣ್ಣು ಮಾರುವ ಯಾರ್ಡಿನಿಂದ ಎರಡೂವರೆ ಘನ ಗಜ ರಾಶಿಯಾಗಿ ಸುರಿಸಿಕೊಂಡರೆ ದುಡ್ಡೂ ಉಳಿಯುತ್ತದೆ, ಸೊಂಟವೂ ಉಳಿಯುತ್ತದೆ.

ಚೀಲದ ಮೇಲೆ ‘ಮೇಲ್ಮಣ್ಣು’ ಎಂದು ಬರೆದಿದ್ದರೆ ಸಾಲದು. ಎಷ್ಟೋ ಚೀಲಗಳಲ್ಲಿ ಇರುವುದು ಅರೆದ ಮರದ ತೊಗಟೆ. ಗೊಬ್ಬರ ಬೆರೆಸಿದ್ದು, ಬಿಳಿ ಪರ್ಲೈಟ್ ಮಣಿ ಇರುವುದು ಬೇಡವೇ ಬೇಡ. ಪರೀಕ್ಷೆ ಸುಲಭ. ಉಪ್ಪಿನಕಾಯಿಯ ಗಾಜಿನ ಜಾಡಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತದೆ, ಗೋಡುಮಣ್ಣು ಒಂದೆರಡು ಗಂಟೆಯಲ್ಲಿ, ಜೇಡಿ ಮರುದಿನಕ್ಕೆ. ಮೇಲೆ ಕಪ್ಪು ಚೂರುಗಳು ದಪ್ಪ ಪದರವಾಗಿ ತೇಲಿದರೆ ಅದು ತೊಗಟೆ. ಆ ಚೀಲ ವಾಪಸ್. ಜೇಡಿಯ ಗೆರೆ ತೆಳುವಾಗಿಯಾದರೂ ಕಾಣಬೇಕು, ಸುರಂಗದ ಸೂರನ್ನು ಹಿಡಿದು ನಿಲ್ಲಿಸುವುದು ಅದೇ. ಮಕ್ಕಳು ಆಡುವ ನುಣುಪು ಮರಳಿಗಿಂತ ಮೂಲೆ ಮೂಲೆಯಿರುವ ಒರಟು ಮರಳು ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ತೂಕದ ವಿಷಯವನ್ನು ಕಿಟ್ ಮಾರುವವರು ಎತ್ತುವುದೇ ಇಲ್ಲ. ಒದ್ದೆಮಣ್ಣು ಘನ ಮೀಟರಿಗೆ ಸುಮಾರು ಒಂದೂವರೆ ಟನ್, ಇಲ್ಲಿ 1.8 ಘನ ಮೀಟರ್. ಹತ್ತಿರ ಹತ್ತಿರ 2,700 ಕಿಲೊ, ಚದರಡಿಗೆ 84 ಕಿಲೊ. ಅಮೆರಿಕದ ಮರದ ಮನೆಗಳ ನೆಲವನ್ನು ವಿನ್ಯಾಸ ಮಾಡುವುದು ಚದರಡಿಗೆ 40 ಪೌಂಡ್, ಅಂದರೆ 18 ಕಿಲೊ ಲೆಕ್ಕದಲ್ಲಿ. ಮಹಡಿಯ ಮೇಲೆ ಈ ಯೋಚನೆಯೇ ಬೇಡ. ನೆಲಕ್ಕೆ ಕೂತ ಕಾಂಕ್ರೀಟ್ ಮೇಲೆ, ಗ್ಯಾರೇಜು ಅಥವಾ ನೆಲಮಾಳಿಗೆಯಲ್ಲಿ ಮಾತ್ರ. ಮರದ ಪೆಟ್ಟಿಗೆಗೆ ಕೊಳದ ರಬ್ಬರ್ ಹಾಳೆ ಹಾಸಿದರೆ ಉಗುರು ಅದನ್ನು ಸೀಳುತ್ತದೆ, ಸೀಳಿದಲ್ಲಿ ಮರ ಕೊಳೆಯುತ್ತದೆ. ದನಗಳಿಗೆ ನೀರು ಕುಡಿಸಲು ಮಾರುವ ಎರಡಡಿ ಆಳದ ತಗಡಿನ ತೊಟ್ಟಿಯನ್ನೇ ಬುಡವಾಗಿ ಇಟ್ಟು ಮೇಲೆ ಪೆಟ್ಟಿಗೆ ಕಟ್ಟುವುದು ಇದಕ್ಕಿಂತ ಬಾಳಿಕೆಯ ದಾರಿ.

ತುಂಬುವ ಕ್ರಮ: ಒಂದು ಪದರ ಅರ್ಧ ಅಡಿ, ನೀರು ಚಿಮುಕಿಸಿ ತುಳಿಯಿರಿ, ಮೇಲೆ ಇನ್ನೊಂದು. ನಾಲ್ಕು ಪದರ. ಹದ ತಿಳಿಯಲು ಒಂದು ಹಿಡಿ ಒತ್ತಿ ನೋಡಿ: ಉಂಡೆ ನಿಲ್ಲಬೇಕು, ಬೆರಳಿನಿಂದ ತಿವಿದರೆ ಒಡೆಯಬೇಕು, ಬೆರಳ ಸಂದಿಯಿಂದ ನೀರು ಇಣುಕಬಾರದು. ತುಳಿಯದೆ ಸುರಿದ ಮಣ್ಣಿನಲ್ಲಿ ಮೊದಲ ಸುರಂಗವೇ ಕುಸಿಯುತ್ತದೆ.

ಇನ್ನು ಗಿಡ. ಕಿಟ್‌ನ ಜೊತೆ ಬರುವ ಎರಡಿಂಚಿನ ಸಸಿಗಳನ್ನು ಈ ಮಣ್ಣಿನಲ್ಲಿ ನೆಟ್ಟರೆ ಮೊದಲ ದಿನವೇ ಬೇರು ಮೇಲೆ, ಎಲೆ ಕೆಳಗೆ. ಉಡಕ್ಕೆ ಗಿಡದ ಮೇಲೆ ದ್ವೇಷವೇನೂ ಇಲ್ಲ, ಅದು ಸೊಪ್ಪು ತಿನ್ನುವುದೂ ಇಲ್ಲ. ಹೊಸದಾಗಿ ಅಗೆದ ಸಡಿಲ ಮಣ್ಣು ಎಲ್ಲಿದೆಯೋ ಅಲ್ಲಿ ತೋಡಲು ಸುಲಭ, ಅಷ್ಟೆ. ಗಿಡ ನೆಟ್ಟ ಜಾಗವೇ ಗೂಡಿನಲ್ಲಿ ಅತಿ ಸಡಿಲವಾದದ್ದು. ಆದ್ದರಿಂದ ಬೇರು ಉಗುರಿಗೆ ಸಿಗದಂತೆ ಮಾಡುವುದೊಂದೇ ಉಪಾಯ. ಕುಂಡವನ್ನು ಮಣ್ಣಿನ ಮೇಲೆ ಇಡುವುದು ಉಪಾಯವಲ್ಲ. ಅದರ ಅಡಿಯನ್ನೇ ತೋಡುತ್ತದೆ, ಕುಂಡ ಬಗ್ಗುತ್ತದೆ, ಒಳಗೆ ಉಡ ಇದ್ದರೆ ಬೆನ್ನಿನ ಮೇಲೆ ಬೀಳುತ್ತದೆ. ಬಿಸಿಲು ಕಾಯುವ ಚಪ್ಪಡಿ ಕಲ್ಲಿಗೂ ಇದೇ ನಿಯಮ: ಗೂಡಿನಲ್ಲಿ ಭಾರದ್ದೇನಿದ್ದರೂ ಅದರ ಕಾಲು ತೊಟ್ಟಿಯ ತಳಕ್ಕೇ ಮುಟ್ಟಿರಬೇಕು.

ಇದಕ್ಕೆ ಹೇಳಿ ಮಾಡಿಸಿದ ವಸ್ತು ಟೊಳ್ಳು ಕಾಂಕ್ರೀಟ್ ಬ್ಲಾಕ್. ಅಮೆರಿಕದ ಬ್ಲಾಕ್ ಸುಮಾರು ಎಂಟು ಇಂಚು ಎತ್ತರ. ಒಂದರ ಮೇಲೊಂದು ಮೂರು ಇಟ್ಟರೆ ಹೆಚ್ಚುಕಡಿಮೆ 24 ಇಂಚು, ನಮ್ಮ ಮಣ್ಣಿನ ಆಳ. ಮಣ್ಣು ತುಂಬುವ ಮೊದಲೇ ಖಾಲಿ ತೊಟ್ಟಿಯ ತಂಪು ತುದಿಯಲ್ಲಿ, ಗೋಡೆಗೆ ಒತ್ತಿ, ತೂತುಗಳು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಬರುವಂತೆ ಜೋಡಿಸಬೇಕು. ಸಂದಿಗೆ ಸಿಮೆಂಟು ಹಚ್ಚಿದರೆ ಅಲುಗುವುದಿಲ್ಲ. ಹಚ್ಚಿದ್ದು ಗಟ್ಟಿಯಾದ ಮೇಲೆ ಒಂದೆರಡು ಸಲ ನೀರು ಸುರಿದು ಸುಣ್ಣದ ಅಂಶ ತೊಳೆಯಿರಿ. ಈಗ ಒಂದೊಂದು ಬ್ಲಾಕ್‌ಗೆ ಎರಡು ತೂತು, ಸುಮಾರು ಐದಿಂಚು ಅಗಲದ, ಎರಡಡಿ ಆಳದ ಎರಡು ಕೊಳವೆ ಸಿಕ್ಕಂತಾಯಿತು. ಅದರೊಳಗೆ ಅದೇ ಮಣ್ಣು ತುಂಬಿ ಗಿಡ ನೆಡಿ. ಬೇರು ಕೆಳಗಿನ ಪಸೆಯವರೆಗೂ ಇಳಿಯುತ್ತದೆ, ಉಡ ಪಕ್ಕದಿಂದ ಎಷ್ಟು ಕೆರೆದರೂ ಉಗುರಿಗೆ ಸಿಗುವುದು ಕಾಂಕ್ರೀಟು. ಮೇಲಿನಿಂದ ಕೆರೆಯದಂತೆ ಕಾಂಡದ ಸುತ್ತ ಚಪ್ಪಟೆ ಹೊಳೆಗಲ್ಲು ಮುಚ್ಚಬೇಕು. ಒಂದೊಂದು ಕಲ್ಲೂ ಉಡದ ತಲೆಗಿಂತ ದೊಡ್ಡದಿರಲಿ, ನುಂಗುವಂಥದ್ದು ಬೇಡ. ಕಂಬದ ಪಕ್ಕವೇ ಬಿಲ ತೋಡುವುದು ಉಡಕ್ಕೆ ಇಷ್ಟ, ಒಂದು ಗೋಡೆ ಸಿದ್ಧವಿದೆಯಲ್ಲ! ಅದರಿಂದ ಗಿಡಕ್ಕೆ ನಷ್ಟವಿಲ್ಲ.

ಯಾವ ಗಿಡ? ಸ್ನೇಕ್ ಪ್ಲಾಂಟ್‌ಗೆ ಮೊದಲ ಸ್ಥಾನ. ಅದು ಪಶ್ಚಿಮ ಆಫ್ರಿಕಾದ್ದೇ, ಬಿಸಿಗೂ ನೀರಿಲ್ಲದ್ದಕ್ಕೂ ಹೆದರುವುದಿಲ್ಲ, ಬಾಲದ ಏಟಿಗೆ ಎಲೆ ಸೀಳಿದರೂ ಬುಡದಿಂದ ಮತ್ತೊಂದು ಬರುತ್ತದೆ. ಮಜ್ಜಿಗೆಹುಲ್ಲು ಬ್ಲಾಕಿನ ತೂತಿಗೆ ತುಂಬಿಕೊಂಡು ಗಿಜಿಗಿಜಿ ಬೇರು ಬಿಡುತ್ತದೆ, ಕೀಳುವುದು ಮನುಷ್ಯರಿಗೂ ಕಷ್ಟ. ಬೆಳಕು ಮಾತ್ರ ಧಾರಾಳ ಬೇಕು. ಲೋಳೆಸರ ಪರವಾಗಿಲ್ಲ, ಆದರೆ ಉಡ ಮೇಲೆ ಹತ್ತಿದರೆ ಎಲೆ ಲಟಕ್ಕೆಂದು ಮುರಿಯುತ್ತದೆ. ಮನಿ ಪ್ಲಾಂಟನ್ನು ನೆಲದಲ್ಲಿ ನೆಡದೆ ಮೇಲ್ಗೋಡೆಗೆ ಕುಂಡ ಬಿಗಿದು ಇಳಿಬಿಡಿ. ಪಾಪಸುಕಳ್ಳಿ ಚೆಂದ ಕಾಣುತ್ತದೆಂದು ಹಲವರು ಹಾಕುತ್ತಾರೆ. ಮುಳ್ಳಿಲ್ಲದ್ದು ಎಂದು ಮಾರಿದ್ದರಲ್ಲೂ ಕಣ್ಣಿಗೆ ಕಾಣದ ಸುಂಕುಮುಳ್ಳು ಇರುತ್ತದೆ, ಕಣ್ಣು ಬಾಯಿಗೆ ಹೋದರೆ ತೆಗೆಯುವವರು ಯಾರು? ಹಾಲು ಸುರಿಸುವ ಕಳ್ಳಿಗಳು, ಕಣಗಿಲೆ ಎರಡನ್ನೂ ಬಾಗಿಲಿಗೇ ತರಬೇಡಿ.

ನೆಲದ ಹಸಿರಿಗೆ ಬೇರೆ ನೀತಿ: ಹಾಳಾಗಲೆಂದೇ ಬೆಳೆಸುವುದು. ಬರ್ಮುಡಾ ಹುಲ್ಲಿನ ಹಾಸು ಎಂದು ಮಾರುವುದು ನಮ್ಮ ಗರಿಕೆಯೇ. ಒಂದು ಸುರುಳಿ ಸುಮಾರು ಹತ್ತು ಚದರಡಿ. ತಂದು ಹಾಸಿದರೆ ನೋಡಲು ಸೊಗಸು, ಆದರೆ ಹುಲ್ಲಿನ ತೋಟಗಳಲ್ಲಿ ಕಳೆನಾಶಕ, ಕೀಟನಾಶಕ ಸಿಂಪಡಿಸುವುದು ಸಾಮಾನ್ಯ; ಸಿಂಪಡಿಸದ್ದೆಂದು ಮಾರುವವರು ಬಾಯಿಬಿಟ್ಟು ಹೇಳದಿದ್ದರೆ ಬೇಡ. ಅದಕ್ಕಿಂತ ಅಗ್ಗದ್ದು ಸಜ್ಜೆ. ಇಂಡಿಯನ್ ಕಿರಾಣಿ ಅಂಗಡಿಯಲ್ಲಿ ಸಿಗುವ ಇಡಿ ಸಜ್ಜೆಯನ್ನು ರಾತ್ರಿ ನೆನೆಸಿ, ಹತ್ತಿಂಚು ಅಗಲ ಇಪ್ಪತ್ತಿಂಚು ಉದ್ದದ ನರ್ಸರಿ ತಟ್ಟೆಯಲ್ಲಿ ಎರಡಿಂಚು ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಿದರೆ ಮೂರು ದಿನಕ್ಕೆ ಮೊಳಕೆ, ಎರಡು ವಾರಕ್ಕೆ ಗೇಣುದ್ದ. ಬೇರು ಚಾಪೆಯಂತೆ ಹೆಣೆದುಕೊಳ್ಳುತ್ತದೆ, ಹಾಗೇ ಎತ್ತಿ ಗೂಡಿನೊಳಗೆ ಇಡಬಹುದು. ಬೆಳಗಾವಿ, ವಿಜಯಪುರದ ರೊಟ್ಟಿಯ ಈ ಧಾನ್ಯದ ಮೂಲ ಪಶ್ಚಿಮ ಆಫ್ರಿಕಾದ ಸಾಹೆಲ್, ಉಡದ ಊರೂ ಅದರ ಆಸುಪಾಸೇ. ನಾಲ್ಕು ತಟ್ಟೆ ಸರದಿಯಲ್ಲಿರಲಿ: ಎರಡು ಒಳಗೆ, ಎರಡು ಕಿಟಕಿಯ ಬಿಸಿಲಿನಲ್ಲಿ. ಸಜ್ಜೆಯ ಬದಲು ಜೋಳ ಬಿತ್ತಬೇಡಿ. ಎಳೆ ಜೋಳದ ಪೈರು ದನಕ್ಕೆ ಏಕೆ ಆಗದೆಂದು ರೈತರಿಗೆ ಗೊತ್ತು. ಅದೇ ಸಯನೈಡಿನ ಅಂಶವಿರುವ ಎಲೆಯನ್ನು ಉಡದ ಆಹಾರವಾಗಬೇಕಾದ ಹುಳುಗಳು ಮೇಯುತ್ತವೆ.

ಹುಳುಗಳ ಮಾತು ಬಂದಿದ್ದರಿಂದ ನರ್ಸರಿ ಗಿಡದ ಗುಟ್ಟು. ಅಂಗಡಿಯ ಗಿಡಕ್ಕೆ ಹಾಕಿದ ಅಂತರ್ವ್ಯಾಪಿ ಕೀಟನಾಶಕ ಎಲೆಯೊಳಗೇ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಗೂಡಿನಲ್ಲಿ ತಪ್ಪಿಸಿಕೊಂಡ ಜಿರಳೆ, ಕ್ರಿಕೆಟ್ ಹುಳುಗಳು ಆ ಎಲೆ ತಿಂದು ಸಾಯುತ್ತವೆ ಅಥವಾ ಉಡದ ಹೊಟ್ಟೆಗೆ ಹೋಗುತ್ತವೆ. ತಂದ ಗಿಡದ ಬೇರಿನ ಮಣ್ಣನ್ನೆಲ್ಲ ತೊಳೆದು, ಗೊಬ್ಬರದ ಹರಳು ಆರಿಸಿ, ಬೇರೆ ಮಣ್ಣಿಗೆ ನೆಟ್ಟು, ಹಳೆ ಎಲೆ ಕತ್ತರಿಸಿ, ಹೊಸ ಎಲೆ ಬರುವವರೆಗೆ ಕೆಲವು ತಿಂಗಳು ಹೊರಗಿಡಿ. ಔಷಧಿ ಮುಟ್ಟಿಸದ ಮನೆಯ ಗಿಡದ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಕಿಟ್‌ಗೆ ಎರಡು ಅಂಕ ಕೊಟ್ಟದ್ದು ಎಲೆ ಮತ್ತು ಹುಳುಗಳಿಗೆ ಎಂದೆ. ಓಕ್, ಮ್ಯಾಗ್ನೋಲಿಯಾ ಎಲೆ ಎರಡು ಮೂರು ಇಂಚು ದಪ್ಪ ಹರಡಿದರೆ ಮಣ್ಣಿನ ಪಸೆ ಆರುವುದು ನಿಧಾನವಾಗುತ್ತದೆ, ಉಡ ದಿನವಿಡೀ ಅದನ್ನು ಕೆದಕುತ್ತಾ ಹುಳು ಹುಡುಕುತ್ತದೆ. ಕಿಟ್‌ನಲ್ಲಿ ಬರುವುದು ಒಂದು ಮೂಲೆಗೂ ಸಾಲದು; ಔಷಧಿ ಬೀಳದ ಹಿತ್ತಲಲ್ಲಿ ಶರತ್ಕಾಲದಲ್ಲಿ ಗುಡಿಸಿದರೆ ಬಿಟ್ಟಿ. ಐಸೋಪಾಡ್‌ಗಳಲ್ಲಿ ಪೌಡರ್ ಆರೆಂಜ್ ಎಂಬ ಕಿತ್ತಳೆ ಬಣ್ಣದ ತಳಿಯನ್ನೇ ಕೇಳಿ ತೆಗೆದುಕೊಳ್ಳಿ. ಓಟ ಜೋರು, ಮರಿ ಬೇಗ, ಉಡದ ಬಾಯಿಗೆ ಬಿದ್ದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಇವು ಸ್ವಚ್ಛ ಮಾಡಿಕೊಡುತ್ತವೆ ಎಂಬ ಜಾಹೀರಾತನ್ನು ನಂಬಿ ಕೂರಬೇಡಿ. ಗೆಕ್ಕೊದ ಹಿಕ್ಕೆ ಬೇರೆ, ಉಡದ ಲದ್ದಿ ಬೇರೆ. ಕಂಡ ದಿನವೇ ಸುತ್ತಲಿನ ಮಣ್ಣು ಸಮೇತ ತೆಗೆಯಬೇಕು. ಅದರ ಜೊತೆ ಬೀಳುವ ಸುಣ್ಣದಂಥ ಬಿಳಿ ಭಾಗವೇ ಯೂರಿಕ್ ಆಮ್ಲ. ಗಿಡದ ಬುಡದಲ್ಲಿ ಉಳಿದರೆ ಅತಿಯಾದ ಗೊಬ್ಬರದಂತೆ ಬೇರನ್ನು ಸುಡುತ್ತದೆ.

ಬೆಳಕು: ಬಿಸಿಗೆಂದು ಹಾಕುವ ಹ್ಯಾಲೊಜೆನ್ ದೀಪಗಳಿಂದಲೋ ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬಿನಿಂದಲೋ ಗಿಡ ಬೆಳೆಯುತ್ತದೆಂದು ಎಣಿಸಬೇಡಿ. ತಂಪು ತುದಿಯ ಮೇಲೆ ಹಗಲಿನಂಥ ಬಿಳಿ ಬೆಳಕಿನ (6,500 ಕೆಲ್ವಿನ್) ಎಲ್‌ಇಡಿ ಪಟ್ಟಿ ಬೇರೆಯೇ ಬೇಕು, ದಿನಕ್ಕೆ 12 ಗಂಟೆ. ಬಿಸಿ ತುದಿಯಲ್ಲಿ ಗಿಡ ಇಡುವ ಆಸೆ ಬಿಡಿ, 60 ಡಿಗ್ರಿಯಲ್ಲಿ ಎಲೆ ಹಪ್ಪಳ.

ನೀರನ್ನು ಮೇಲಿಂದ ಚಿಮುಕಿಸಿದರೆ ಮೊದಲ ಎರಡಿಂಚು ಮಾತ್ರ ಒದ್ದೆ, ಕೆಳಗೆ ಒಣ ಪುಡಿ. ಎರಡು ಮೂಲೆಗಳಲ್ಲಿ ಎರಡಿಂಚಿನ ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಕ್ಲಾಂಪ್ ಹಾಕಿ, ಕೆಳಗಿನ ಒಂದಡಿಗೆ ಸಣ್ಣ ತೂತು ಕೊರೆದು, ಬಾಯಿಗೆ ಮುಚ್ಚಳ ಕೊಡಿ. ಅದರಲ್ಲಿ ಒಂದು ಸಲಕ್ಕೆ ನಾಲ್ಕೈದು ಲೀಟರ್, ಮರುದಿನ ಒಂದು ಕಡ್ಡಿ ಇಳಿಸಿ ತಳದಲ್ಲಿ ನೀರು ನಿಂತಿದೆಯೇ ನೋಡಿ. ನಿಂತಿದ್ದರೆ ಆರುವವರೆಗೆ ಹಾಕಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳಕ್ಕೆ ಗಾಳಿಯಾಡುತ್ತಿಲ್ಲ ಎಂದರ್ಥ, ಆ ಮೂಲೆಯ ಮಣ್ಣನ್ನು ತೋಡಿ ತೆಗೆದು ಬದಲಾಯಿಸುವುದೇ ಸರಿ.

ಎಲ್ಲ ನೆಟ್ಟ ಮೇಲೆ ನಾಲ್ಕರಿಂದ ಆರು ವಾರ ಉಡವನ್ನು ಒಳಗೆ ಬಿಡಬಾರದು. ಬಿಟ್ಟ ಮೇಲೆ ಮೊದಲ ತಿಂಗಳು ಅದು ಎಲ್ಲೆಲ್ಲಿ ತೋಡುತ್ತದೆಂದು ಗುರುತು ಹಾಕಿಕೊಳ್ಳಿ. ಒಂದೇ ಜಾಗವನ್ನು ಮೂರನೇ ಸಲ ತೋಡಿದರೆ ಅಲ್ಲಿಂದ ಸಜ್ಜೆಯ ತಟ್ಟೆ ತೆಗೆದುಬಿಡಿ, ಬಿಲಕ್ಕೆ ಅದು ಆರಿಸಿಕೊಂಡ ಜಾಗ ಅದು. ತಟ್ಟೆಯನ್ನು ಎರಡಡಿ ಆಚೆ, ಬ್ಲಾಕಿನ ನೆರಳಿಗೆ ಸರಿಸಿ.